ಗಾಳಿಯೂರಿನ ಹಳೇ ಹಾಯಿಗಳು

ಅಮೆರಿಕದ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ದಾಟಿ ಪೂರ್ವದ ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ಎಡಗಡೆ ಕೊಲಂಬಿಯಾ ನದಿ ಜೊತೆಯಾಗುತ್ತದೆ. ಬಲಗಡೆ ಕಪ್ಪು ಬಸಾಲ್ಟ್ ಬಂಡೆಯ ಗೋಡೆ ಏಳುತ್ತ ಹೋಗುತ್ತದೆ. ಆ ಗೋಡೆಯ ನೆತ್ತಿಯಿಂದ ಒಂದಾದ ಮೇಲೊಂದು ಜಲಪಾತಗಳು ಧುಮುಕುತ್ತವೆ. ಅವುಗಳಲ್ಲಿ ಹೆಸರಾದದ್ದು ಮಲ್ಟ್‌ನೋಮಾ, 189 ಮೀಟರ್ ಎತ್ತರದ್ದು. ಜೋಗ ನೋಡಿ ಬೆಳೆದ ಕಣ್ಣಿಗೂ ಅದು ನಿಂತು ನೋಡಬೇಕೆನಿಸುವ ನೀರು. ಕಲ್ಲಿಗೆ ಪಾಚಿ, ಪಾಚಿಗೆ ಜರೀಗಿಡ, ಅದರ ಮೇಲೆ ಮುಗಿಲಿಗೆ ಮುಖ ಮಾಡಿದ ಡಗ್ಲಸ್ ಫರ್ ಮರಗಳು.

ಕ್ಯಾಸ್ಕೇಡ್ ಲಾಕ್ಸ್ ಎಂಬ ಊರಿನ ಸುತ್ತ ವರ್ಷಕ್ಕೆ 1,800 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಸುಮಾರು 65 ಕಿಲೋಮೀಟರ್ ಆಚೆಯ ದ ಡ್ಯಾಲ್ಸ್‌ನಲ್ಲಿ 400 ಮಿಲಿಮೀಟರಿಗೂ ಕಡಿಮೆ. ಒಂದು ಗಂಟೆಯೊಳಗಿನ ದಾರಿಯಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುತ್ತದೆ. ಮರಗಳು ಕುಳ್ಳಾಗುತ್ತವೆ, ಗುಡ್ಡಗಳು ಬೋಳಾಗುತ್ತವೆ, ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. ಆ ಎರಡು ಸೀಮೆಗಳ ಗಡಿಯಲ್ಲಿ ಕೂತಿರುವ ಊರು ಹುಡ್ ರಿವರ್. ನಾನೂ ನನ್ನ ಸೋದರಳಿಯನೂ ಹೊರಟಿದ್ದದ್ದು ಅಲ್ಲಿಗೆ.

ಪೋರ್ಟ್‌ಲ್ಯಾಂಡ್ ಪಕ್ಕದ, ಇಂಟೆಲ್‌ನ ದೊಡ್ಡ ಕಾರ್ಖಾನೆಗಳಿರುವ ಹಿಲ್ಸ್‌ಬರೋದಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಅಳಿಯನೂ ಅಲ್ಲೇ ನೆಲೆಸಿದವನು. ಹಿಂದಿನ ಬೇಸಿಗೆಯಲ್ಲಿ ವಿಂಡ್‌ಸರ್ಫಿಂಗ್‌ನ ಮೊದಲ ಪಾಠಗಳನ್ನು ಕಲಿತಿದ್ದ. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯಲ್ಲಿ ನದಿಯ ಮೇಲೆ ಹೋಗುವ ಆ ಆಟ ಅವನನ್ನು ಪೂರ್ತಿ ಹಿಡಿದುಕೊಂಡಿತ್ತು. ಬಾಡಿಗೆಯ ಸಾಮಾನು ಸಾಕಾಗಿ, ತನ್ನದೇ ಒಂದು ಜೊತೆ ಬೇಕೆಂದು ಹಟ ಹಿಡಿದಿದ್ದ. "ಹೊಸ ಬೋರ್ಡ್ ಒಂದಕ್ಕೇ ಸಾವಿರ ಡಾಲರಿಗೆ ಮೀರುತ್ತೆ, ಮಾವ. ಹಳೇದನ್ನೇ ನೋಡಿ ತಗೊಳ್ಳೋಣ, ನೀವೂ ಬನ್ನಿ" ಅಂದ. ಊರಿಂದ ಬಂದವನಿಗೆ ಕೊಲಂಬಿಯಾ ಕಣಿವೆ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ.

ಆ ಆಟಕ್ಕೆ ಬೇಕಾದ ಗಾಳಿ ಇಲ್ಲಿ ಬೀಸುವುದು ಈ ಕಣಿವೆ ಇರುವುದರಿಂದಲೇ. ಉತ್ತರ ದಕ್ಷಿಣವಾಗಿ ಹಬ್ಬಿದ ಕ್ಯಾಸ್ಕೇಡ್ ಪರ್ವತಸಾಲನ್ನು ಸಮುದ್ರಮಟ್ಟಕ್ಕೆ ಹತ್ತಿರದಲ್ಲೇ ಸೀಳಿಕೊಂಡು ಹೋಗುವ ದಾರಿ ಈ ನದಿಯದು. ಸುಮಾರು 130 ಕಿಲೋಮೀಟರ್ ಉದ್ದ, ಕೆಲವೆಡೆ 1,200 ಮೀಟರ್ ಆಳ. ಬೆಟ್ಟಗಳು ಮೇಲೇಳುತ್ತಿದ್ದ ಹಾಗೆ ನದಿ ತನ್ನ ಪಾತ್ರವನ್ನು ಕೊರೆಯುತ್ತ ಬಂತು. ಹಿಮಯುಗದ ಕೊನೆಯಲ್ಲಿ ಮೊಂಟಾನಾದ ಕಡೆ ಹಿಮದ ಅಣೆಕಟ್ಟಿನ ಹಿಂದೆ ನಿಂತಿದ್ದ ಮಿಸೌಲಾ ಸರೋವರ ಮತ್ತೆ ಮತ್ತೆ ಒಡೆದು, ಆ ನೆರೆಗಳು ಇದೇ ಕಣಿವೆಯಲ್ಲಿ ನುಗ್ಗಿ ಗೋಡೆಗಳನ್ನು ಕಡಿದಾಗಿಸಿದವು. ಜಲಪಾತಗಳು ಇಷ್ಟು ನೇರವಾಗಿ ಬೀಳುವುದು ಅದರಿಂದಲೇ. ಈ ಮಹಾಪೂರಗಳ ಮಾತನ್ನು 1923ರಲ್ಲಿ ಮೊದಲು ಆಡಿದ ಭೂವಿಜ್ಞಾನಿ ಜೆ. ಹಾರ್ಲೆನ್ ಬ್ರೆಟ್ಸ್‌ರನ್ನು ಸಹೋದ್ಯೋಗಿಗಳು ದಶಕಗಳ ಕಾಲ ನಂಬಲಿಲ್ಲ.

ಬೇಸಿಗೆಯಲ್ಲಿ ಪೂರ್ವದ ಒಣಭೂಮಿ ಕಾದು, ಅಲ್ಲಿಯ ಗಾಳಿ ಹಗುರಾಗಿ ಮೇಲೇರುತ್ತದೆ. ಪಶ್ಚಿಮದಲ್ಲಿ ತಣ್ಣನೆಯ ಪೆಸಿಫಿಕ್ ಸಾಗರ. ಅಲ್ಲಿಯ ಭಾರದ ಗಾಳಿ ಒಳನಾಡಿಗೆ ಬರಬೇಕು, ಆದರೆ ನಡುವೆ ಪರ್ವತ. ಸಿಕ್ಕ ಕಂಡಿ ಇದೊಂದೇ. ಹಾಗಾಗಿ ಮೈಲಿಗಟ್ಟಲೆ ಅಗಲದ ಗಾಳಿ ಈ ಇಕ್ಕಟ್ಟಿನಲ್ಲಿ ಹಾಯ್ದು ಗಂಟೆಗೆ 30, 40, 50 ಕಿಲೋಮೀಟರ್ ವೇಗ ಪಡೆಯುತ್ತದೆ. ನೆಲ ಕಾದು ಕಡಲಗಾಳಿಯನ್ನು ಕರೆಯುವ ಈ ನಿಯಮವೇ ಬಹಳ ದೊಡ್ಡ ಅಳತೆಯಲ್ಲಿ ನಮ್ಮ ಮುಂಗಾರನ್ನೂ ತರುತ್ತದೆ. ನಾವು ಹೋಗಿದ್ದದ್ದು ಜುಲೈಯಲ್ಲಿ. ಊರಿನಲ್ಲಿ ಆಗ ಆಷಾಢದ ಗಾಳಿ. ಇಲ್ಲೂ ಅದೇ ತಿಂಗಳು, ಅದೇ ಪಡುವಣ ದಿಕ್ಕು, ಅದೇ ಬಿರುಸು. ಮಳೆಯ ಹನಿ ಮಾತ್ರ ಇಲ್ಲ. ಭೂಮಿಯ ಆಚೆ ಬದಿಯಲ್ಲಿ ಕಾರಿನ ಬಾಗಿಲು ತೆಗೆದ ಕೂಡಲೇ ಗುರುತಿನ ಗಾಳಿಯೊಂದು ಮೈಮೇಲೆ ಬಂದದ್ದಕ್ಕೆ ನಾನು ಬೆರಗಾಗಿ ನಿಂತುಬಿಟ್ಟೆ.

ಹುಡ್ ರಿವರ್ ಎಂಟು ಸಾವಿರ ಚಿಲ್ಲರೆ ಜನರ ಊರು. ಹಿಂದೆ ಮರ ಕೊಯ್ಯುವುದು, ಪೇರ್ ಮತ್ತು ಸೇಬು ಬೆಳೆಯುವುದೇ ಇಲ್ಲಿಯ ಕಸುಬು. ತೋಟಗಳು ಈಗಲೂ ಇವೆ. ಅವುಗಳ ಹಿಂದೆ ದಕ್ಷಿಣಕ್ಕೆ 3,429 ಮೀಟರಿನ ಮೌಂಟ್ ಹುಡ್, ನದಿಯಾಚೆ ಉತ್ತರಕ್ಕೆ 3,743 ಮೀಟರಿನ ಮೌಂಟ್ ಆಡಮ್ಸ್. ಎರಡೂ ಹಿಮ ಹೊದ್ದ ಜ್ವಾಲಾಮುಖಿಗಳು. 1980ರ ದಶಕದ ಮೊದಲಲ್ಲಿ ವಿಂಡ್‌ಸರ್ಫರುಗಳು ಇಲ್ಲಿಯ ಗಾಳಿಯನ್ನು ಕಂಡುಕೊಂಡರು. ಎಷ್ಟೋ ಕಾಲದಿಂದ ಜನ ಬೈದುಕೊಂಡು ಬಾಳಿದ್ದ ಗಾಳಿಗೆ ದೇಶದ ಮೂಲೆಮೂಲೆಯಿಂದ ಜನ ಬರತೊಡಗಿದರು. ಅಂಗಡಿಗಳು ಬಂದವು, ಹಾಯಿ ಹೊಲಿಯುವವರು ಬಂದರು, ಹಲಗೆಯಡಿ ಕೂರುವ ಫಿನ್ ಮಾಡುವವರು ಬಂದರು.

ಇವೆಂಟ್ ಸೈಟ್ ಎಂದು ಕರೆಯುವ ದಂಡೆಯಲ್ಲಿ ನಿಂತರೆ ನದಿಯೆಲ್ಲ ಬಣ್ಣ. ಹಾಯಿಗಳು ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಸರಸರ ಹಾಯುತ್ತಿರುತ್ತವೆ. ಈಗೀಗ ಕೈಯಲ್ಲೇ ಹಿಡಿಯುವ ರೆಕ್ಕೆಗಳೂ, ನೀರಿಂದ ಮೇಲೆದ್ದು ತೇಲುವ ಫಾಯಿಲ್ ಹಲಗೆಗಳೂ ಬಹಳ. ನದಿ ಪಶ್ಚಿಮಕ್ಕೆ ಹರಿಯುತ್ತದೆ, ಗಾಳಿ ಪೂರ್ವಕ್ಕೆ ಬೀಸುತ್ತದೆ. ಇದಿರುಬದಿರಾದ ಎರಡರ ನಡುವೆ ಅಲೆಗಳು ಸೆಟೆದು ನಿಲ್ಲುತ್ತವೆ. ಗಾಳಿ ಸವಾರನನ್ನು ಮೇಲ್ಹೊಳೆಗೆ ತಳ್ಳಿದಷ್ಟನ್ನು ನೀರು ಕೆಳಹೊಳೆಗೆ ವಾಪಸು ತರುತ್ತದೆ. ನಡುವೆ ಗೋಧಿ ತುಂಬಿದ ಬಾರ್ಜುಗಳು ಸಾಗುತ್ತವೆ, ಎರಡೂ ದಡದಲ್ಲಿ ಗೂಡ್ಸ್ ರೈಲುಗಳು ಕೂಗುತ್ತವೆ, ಮೂಲನಿವಾಸಿಗಳ ಮೀನುಬಲೆಗಳೂ ಹರವಿರುತ್ತವೆ. 1855ರ ಒಪ್ಪಂದಗಳು ಉಳಿಸಿಕೊಟ್ಟ ಹಕ್ಕು ಅದು. ಇಲ್ಲಿಂದ ಮೇಲಕ್ಕೆ ಅವರು ಸಾವಿರಾರು ವರ್ಷ ಮೀನು ಹಿಡಿದ ಸಿಲೈಲೊ ಜಲಪಾತವಿತ್ತು. ದ ಡ್ಯಾಲ್ಸ್ ಅಣೆಕಟ್ಟಿನ ನೀರಿನಲ್ಲಿ 1957ರ ಮಾರ್ಚ್‌ನಲ್ಲಿ ಅದು ಮುಳುಗಿತು. ಆಡಲು ಬಂದವರು ಆ ಬಲೆಗಳಿಗೆ ದಾರಿ ಬಿಟ್ಟೇ ಆಡಬೇಕೆಂಬುದು ಇಲ್ಲಿ ಹೊಸಬರಿಗೆ ಮೊದಲು ಹೇಳುವ ಮಾತುಗಳಲ್ಲೊಂದು.

ದಂಡೆಯ ಮಾತುಕತೆಯೇ ನನಗೆ ವಿಸ್ಮಯ. "ಇವತ್ತು ಹೇಗಿದೆ?" ಎಂದು ಒಬ್ಬರು ಕೇಳಿದರೆ ಇನ್ನೊಬ್ಬರು "4.7" ಅನ್ನುತ್ತಾರೆ. ಅದು ಗಾಳಿಯ ವೇಗವಲ್ಲ, ಹಾಯಿಯ ಅಳತೆ: 4.7 ಚದರ ಮೀಟರ್. ಗಾಳಿ ಹೆಚ್ಚಾದಷ್ಟೂ ಹಾಯಿ ಸಣ್ಣದಾಗಬೇಕು. ಆದ್ದರಿಂದ 3.7 ಅಂದರೆ ಬಿರುಗಾಳಿ, 6.5 ಅಂದರೆ ಸೌಮ್ಯ. ಇಲ್ಲಿಯವರಿಗೆ ಹವಾಮಾನದ ಮಾಪಕ ಗೋಡೆಯ ಮೇಲಿಲ್ಲ. ವ್ಯಾನಿನಲ್ಲಿ ಸುತ್ತಿಟ್ಟ ಹಾಯಿಗಳೇ ಮಾಪಕ.

ಆ ವ್ಯಾನುಗಳ ಹಿಂಬಾಗಿಲುಗಳೇ ಊರಿನ ಹಳೇ ಸಾಮಾನಿನ ಸಂತೆ. ಕೆಲವಕ್ಕೆ ಚೀಟಿ ಅಂಟಿಸಿರುತ್ತಾರೆ, ಕೆಲವನ್ನು ಕೇಳಿಯೇ ತಿಳಿಯಬೇಕು. ಅಂಗಡಿಗಳಲ್ಲೂ ಹಳೆಯದಕ್ಕೆಂದೇ ಒಂದು ಮೂಲೆ. ಎಷ್ಟೋ ಜನ ಗಾಳಿಪಟದಿಂದ ಎಳೆಸಿಕೊಳ್ಳುವ ಕೈಟ್‌ಗೂ ಕೈರೆಕ್ಕೆಗೂ ಹೋದದ್ದರಿಂದ ವಿಂಡ್‌ಸರ್ಫಿಂಗ್ ಸಾಮಾನು ಗ್ಯಾರೇಜುಗಳಲ್ಲಿ ರಾಶಿಯಾಗಿದೆ. ಹೊಸಬನಿಗೆ ಅದು ಭಾಗ್ಯವೂ ಹೌದು, ಬಲೆಯೂ ಹೌದು. ರಾಶಿಯಲ್ಲಿ ಹೆಚ್ಚಿನವು ನುರಿತವರು ಬಿಟ್ಟವು. ನುರಿತವರ ಸಾಮಾನು ಕಲಿಯುವವನನ್ನು ನೀರಿಗೆ ಕೆಡವುತ್ತದೆ.

ಇದನ್ನು ನಮಗೆ ಬಿಡಿಸಿ ಹೇಳಿದವರು ಮಾರಲು ಕೂತಿದ್ದವರೇ. ಬಿಸಿಲಿಗೆ ಕಂದಿದ ಮುಖದ ಒಬ್ಬರ ಬಳಿ ಹೊಳೆಯುವ ಬೋರ್ಡ್ ಇತ್ತು. 85 ಲೀಟರ್, 58 ಸೆಂಟಿಮೀಟರ್ ಅಗಲ, ಬೆಲೆಯೂ ಕಡಿಮೆ. ಅಳಿಯ ಆಸೆಯಿಂದ ಬಗ್ಗಿದ. ಅವರು ಅವನ ತೂಕ ಕೇಳಿದರು. 72 ಕಿಲೋ. ತಲೆಯಾಡಿಸಿದರು. "ಇದನ್ನು ನಿಮಗೆ ಕೊಡಲಾರೆ. ಓಡುತ್ತಿದ್ದರೆ ಹೊರುತ್ತದೆ, ನಿಂತರೆ ಹೊರುವುದಿಲ್ಲ. ನೀವಿನ್ನೂ ನಿಂತು ಕಲಿಯಬೇಕಾದವರು." ಬೋರ್ಡಿನ ಒಂದೊಂದು ಲೀಟರ್ ಗಾತ್ರವೂ ನೀರಿನಲ್ಲಿ ಒಂದೊಂದು ಕಿಲೋ ಹೊರುತ್ತದೆ. 72 ಕಿಲೋ ಆಳು, 10 ಕಿಲೋದಷ್ಟು ಹಾಯಿ ಮತ್ತು ಕಂಬ, ಬೋರ್ಡಿನದೇ ಭಾರ ಬೇರೆ: 85 ಲೀಟರಿನ ಬೋರ್ಡ್ ನಿಂತಲ್ಲೇ ಮುಳುಗುತ್ತದೆ. ವೇಗ ಬಂದು ನೀರಿನ ಮೇಲೆ ಜಾರತೊಡಗಿದಾಗ ಮಾತ್ರ ಅದಕ್ಕೆ ಜೀವ. ಅದಕ್ಕೆ ಪ್ಲೇನಿಂಗ್ ಅನ್ನುತ್ತಾರೆ. ಅದು ಕಲಿಕೆಯ ಮುಂದಿನ ಮೆಟ್ಟಿಲು.

ಕೈಗೆ ಬಂದ ಗಿರಾಕಿಯನ್ನು ಬಿಟ್ಟುಕೊಟ್ಟು ಅವರು ನದಿಯಾಚೆಯ ವೈಟ್ ಸಾಲ್ಮನ್ ಊರಿನ ಒಂದು ಮನೆಯ ದಾರಿ ಹೇಳಿದರು. ಹಿಂದೆ ಮಕ್ಕಳಿಗೆ ಕಲಿಸುತ್ತಿದ್ದ ಹಿರಿಯರೊಬ್ಬರ ಮನೆ ಅದು. "ನಿಮಗೆ ಬೇಕಾದದ್ದು ಅವರಲ್ಲಿದೆ" ಅಂದರು.

ಅದಕ್ಕೆ ಮುನ್ನ ಅಂಗಡಿಯೊಂದರ ಹಾಯಿಯ ಮೂಲೆಯನ್ನು ನೋಡಿದೆವು. ಬಿಸಿಲು ಹಾಯಿಗೆ ಏನು ಮಾಡುತ್ತದೆಂದು ಅಲ್ಲಿ ಕಣ್ಣಾರೆ ಕಂಡೆ. ಹಾಯಿಯ ಬಹುಭಾಗ ಮಾನೋಫಿಲ್ಮ್ ಎಂಬ ಪಾರದರ್ಶಕ ಪಾಲಿಯೆಸ್ಟರ್ ಹಾಳೆ. ಹೊಸದು ಗಾಜಿನಷ್ಟು ತಿಳಿ. ವರ್ಷಗಟ್ಟಲೆ ನೇರಳಾತೀತ ಕಿರಣ ಬಿದ್ದರೆ ಅದು ಮಬ್ಬಾಗಿ ಹಾಲುಬಿಳುಪಿಗೆ ತಿರುಗುತ್ತದೆ, ಪೆಡಸಾಗುತ್ತದೆ, ಒಂದು ದಿನ ಮೊಣಕೈ ತಾಗಿದ್ದಕ್ಕೇ ಸೀಳುತ್ತದೆ. ಆದ್ದರಿಂದ ಹಾಯಿಯನ್ನು ನೆಲದ ಮೇಲೆ ಹಾಸಿ ನೋಡಿದರೆ ಸಾಲದು. ಎತ್ತಿ ಆಕಾಶಕ್ಕೆ ಹಿಡಿಯಬೇಕು. ಮಡಿಕೆಯ ಗೆರೆಗಳು, ಸೂಜಿಮೊನೆಯಷ್ಟು ತೂತುಗಳು ಬೆಳಕಿನಲ್ಲಿ ತಾವಾಗಿ ಕಾಣುತ್ತವೆ. ಹೊಲಿಗೆಯ ಮೇಲೆ ಉಗುರಿನಿಂದ ಗೀರಬೇಕು. ಬಿಸಿಲಿಗೆ ಸತ್ತ ದಾರವಾದರೆ ಪುಡಿಯಾಗಿ ಏಳುತ್ತದೆ. ಬೋರ್ಡಿಗೆ ಉಜ್ಜುವ ಕೆಳಅಂಚು, ಕಂಬ ತೂರುವ ಉದ್ದನೆಯ ತೋಳು, ಅಡ್ಡಪಟ್ಟಿಗಳ ತುದಿ, ಇವೇ ಮೊದಲು ಸವೆಯುವ ಜಾಗಗಳು. ಎರಡು ಹಾಳೆಗಳ ನಡುವೆ ನೂಲಿನ ಜಾಲ ಕೂರಿಸಿದ ಎಕ್ಸ್‌ಪ್ಲೈ ಬಟ್ಟೆಯಾದರೆ ಸೀಳು ಬಿಟ್ಟರೂ ಜಾಲದ ನೂಲು ಅದನ್ನು ತಡೆದು ನಿಲ್ಲಿಸುತ್ತದೆ. ಬೀಳುತ್ತ ಏಳುತ್ತ ಕಲಿಯುವವನಿಗೆ ಅಂಥದ್ದೇ ಸರಿ.

ವೈಟ್ ಸಾಲ್ಮನ್‌ಗೆ ಹೋಗುವುದು 1924ರ ಉಕ್ಕಿನ ಸೇತುವೆಯ ಮೇಲೆ. ನೆಲಕ್ಕೆ ಉಕ್ಕಿನ ಜಾಲರಿ ಹಾಸಿದೆ. ಚಕ್ರಗಳು ಅದರ ಮೇಲೆ ಉರುಳುವಾಗ ಇಡೀ ಕಾರು ಒಂದೇ ಶ್ರುತಿಯಲ್ಲಿ ಹಾಡುತ್ತದೆ. ಕಿಟಕಿಯಿಂದ ಬಗ್ಗಿದರೆ ಕೆಳಗೆ ಬಿಳಿನೊರೆಯ ನದಿ, ಹಾಯಿಗಳು ಸೇತುವೆಯ ನೆರಳು ದಾಟುತ್ತಿದ್ದವು. ಈ ಕಡೆ ಓರೆಗಾನ್, ಆ ಕಡೆ ವಾಷಿಂಗ್ಟನ್ ರಾಜ್ಯ. ಹ್ಯಾಚರಿ, ಸ್ವೆಲ್ ಸಿಟಿ ಮುಂತಾದ, ನುರಿತವರೇ ಇಳಿಯುವ ಹೆಸರಾಂತ ಜಾಗಗಳು ಆ ದಡದಲ್ಲಿವೆ.

ಆ ಹಿರಿಯರು ಗ್ಯಾರೇಜಿನ ಬಾಗಿಲು ಎತ್ತಿದಾಗ ನಾನು ಮಾತು ಮರೆತೆ. ಗೋಡೆಯುದ್ದಕ್ಕೂ ನಲವತ್ತು ವರ್ಷಗಳ ಬೋರ್ಡುಗಳು. ಮೂರೂವರೆ ಮೀಟರಿಗೂ ಉದ್ದದ ಹಳೆಯ ಒರಿಜಿನಲ್ ವಿಂಡ್‌ಸರ್ಫರ್. ತೊಂಬತ್ತರ ದಶಕದ ಕಿರಿದಾದ ಮೊನಚು ಹಲಗೆಗಳು. ಆಮೇಲೆ ಬಂದ ಅಗಲ ಬೆನ್ನಿನವು. ಒಂದು ಆಟ ತನ್ನ ಬುದ್ಧಿಯನ್ನು ಹೇಗೆ ಬದಲಿಸುತ್ತ ಬಂತೆಂಬುದನ್ನು ಆ ಸಾಲೇ ಹೇಳುತ್ತಿತ್ತು. ತೊಂಬತ್ತರ ದಶಕದ ಕೊನೆಯವರೆಗೂ ಸ್ಥಿರತೆ ಬೇಕೆಂದರೆ ಉದ್ದ ಬೇಕು ಎಂದಿತ್ತು. ನಂತರ ಅಗಲವೇ ಸ್ಥಿರತೆ ಕೊಡುತ್ತದೆಂದು ಕಂಡುಕೊಂಡರು. ಕಲಿಯುವವರ ಕಷ್ಟ ಅಲ್ಲಿಂದ ಅರ್ಧಕ್ಕರ್ಧ ಇಳಿಯಿತು.

ಅವರು ಮೊದಲು ಸಾಮಾನು ತೋರಿಸಲಿಲ್ಲ, ಪ್ರಶ್ನೆ ಕೇಳಿದರು. ಎಲ್ಲಿ ಆಡುತ್ತೀರಿ, ಯಾವ ಹೊತ್ತಿನಲ್ಲಿ, ಜೊತೆಗೆ ಯಾರಿರುತ್ತಾರೆ, ಈಜು ಬರುತ್ತದೆಯೇ, ವೆಟ್‌ಸೂಟ್ ಇದೆಯೇ, ಲೈಫ್ ಜಾಕೆಟ್ ಇದೆಯೇ. ಹಿಮ ಕರಗಿ ಬರುವ ನೀರಿದು, ವಸಂತದಲ್ಲಿ ಕೊರೆಯುತ್ತದೆ, ಮೈ ಮರಗಟ್ಟಿದರೆ ಬುದ್ಧಿಯೂ ಮರಗಟ್ಟುತ್ತದೆ ಎಂದರು. ಉತ್ತರಗಳೆಲ್ಲ ಒಪ್ಪಿಗೆಯಾದ ಮೇಲೆ 190 ಲೀಟರಿನ ಬೋರ್ಡೊಂದನ್ನು ಹುಲ್ಲಿನ ಮೇಲೆ ಇಟ್ಟರು. 85 ಸೆಂಟಿಮೀಟರ್ ಅಗಲ, ಕಾಲಿಗೆ ಮೆತ್ತನೆಯ ಹಾಸು, ನಡುವೆ ಇಳಿಸಿ ಏರಿಸುವ ಡ್ಯಾಗರ್‌ಬೋರ್ಡ್. ಹಲಗೆ ಪಕ್ಕಕ್ಕೆ ಜಾರಿಹೋಗದಂತೆ ತಡೆಯುವುದು ಅದೇ. "72 ನೀವು, 10 ಹಾಯಿ, 14 ಬೋರ್ಡ್. ಒಟ್ಟು 96. ಇನ್ನೂ 94 ಕಿಲೋದಷ್ಟು ತೇಲುವ ಶಕ್ತಿ ಉಳಿಯಿತು. ನೀವು ತಪ್ಪು ಹೆಜ್ಜೆ ಇಟ್ಟಾಗ ಬೋರ್ಡ್ ನಿಮ್ಮನ್ನು ಕ್ಷಮಿಸುವುದು ಆ 94ರಿಂದ."

ನೀರು ಬೋರ್ಡಿಗೆ ಏನು ಮಾಡಿರಬಹುದೆಂದು ಹುಡುಕುವುದು ಆಮೇಲಿನ ಪಾಠ. ಬೋರ್ಡಿನ ಒಳಗೆ ಹಗುರ ಫೋಮ್, ಹೊರಗೆ ಎಪಾಕ್ಸಿ ಮತ್ತು ಗಾಜಿನ ನಾರಿನ ಚಿಪ್ಪು. ಚಿಪ್ಪು ಬಿರಿದರೆ ಫೋಮ್ ನೀರು ಕುಡಿಯುತ್ತದೆ, ಭಾರವಾಗುತ್ತದೆ. ಅವರು ಮಂಡಿಯೂರಿ ಬೋರ್ಡಿನ ಉದ್ದಕ್ಕೂ ಬೆರಳ ಗಿಣ್ಣಿನಿಂದ ಬಡಿಯುತ್ತ ಹೋದರು. ನಮ್ಮೂರ ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಬಡಿದು ಕಿವಿಗೊಟ್ಟು ನೋಡುವ ಹಾಗೆಯೇ. ಗಟ್ಟಿ ಇರುವಲ್ಲಿ ಕಂಚಿನ ದನಿ, ಚಿಪ್ಪು ಫೋಮ್‌ನಿಂದ ಬಿಟ್ಟುಕೊಂಡಲ್ಲಿ ಟೊಳ್ಳು ದನಿ. ಕಂಬ ಕೂರುವ ತೋಡಿನ ಸುತ್ತ ಹೆಬ್ಬೆರಳಿಂದ ಒತ್ತಿಸಿದರು. ಮೆತ್ತಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ ಎಂದರು. ಫಿನ್ ಕೂರುವ ಪೆಟ್ಟಿಗೆಯ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಇದೆಯೇ, ಬಿದ್ದ ಕಂಬ ಬಡಿದು ಮೂತಿ ಒಡೆದು ಮತ್ತೆ ಮೆತ್ತಿದ್ದಾರೆಯೇ ಎಂದು ನೋಡಿಸಿದರು. ಬೆನ್ನ ಮೇಲೊಂದು ಚಿಕ್ಕ ತಿರುಪು ಇದೆ. ಬೆಟ್ಟ ಹತ್ತುವಾಗ, ವಿಮಾನದಲ್ಲಿ ಸಾಗಿಸುವಾಗ ಒಳಗಿನ ಗಾಳಿ ಹಿಗ್ಗಿ ಚಿಪ್ಪು ಉಬ್ಬದಂತೆ ಅದನ್ನು ಸಡಿಲಿಸಬೇಕು. ಅದನ್ನು ಬಿಚ್ಚಿ ಬೋರ್ಡನ್ನು ಬೋರಲು ಹಾಕಿದರು. ಒಂದು ಹನಿಯೂ ಬೀಳಲಿಲ್ಲ. ಕೊನೆಗೆ ಸ್ನಾನದಮನೆಯ ತೂಕದಯಂತ್ರ ತಂದು ತೂಗಿಸಿದರು. ಕಂಪನಿ ಹೇಳಿದ ತೂಕಕ್ಕೂ ಅದಕ್ಕೂ ಅಂತರವಿರಲಿಲ್ಲ. ತನ್ನ ಸಾಮಾನನ್ನು ಕೊಳ್ಳುವವನಿಂದಲೇ ಹೀಗೆ ಪರೀಕ್ಷೆ ಮಾಡಿಸುವ ಮಾರಾಟಗಾರರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಾಳಿಯ ಭಾರವನ್ನೆಲ್ಲ ಹೊರುವುದು ಮಾಸ್ಟ್, ಅಂದರೆ ಹಾಯಿಯ ಕಂಬ. ಅದರ ಮೇಲೆ ಬರೆದಿರುವ ಅಂಕಿಗಳು ನನ್ನನ್ನು ಅಲ್ಲೇ ಕೂರಿಸಿಬಿಟ್ಟವು. 400 ಅಂದರೆ ಸೆಂಟಿಮೀಟರಿನಲ್ಲಿ ಉದ್ದ. ಪಕ್ಕದಲ್ಲಿ ಐಎಂಸಿಎಸ್ 19, ಅದು ಬಿಗುವಿನ ಅಳತೆ. ಕಂಬದ ಎರಡು ತುದಿಗಳಿಗೆ ಆಧಾರ ಕೊಟ್ಟು ನಡುವೆ 30 ಕಿಲೋ ತೂಕ ನೇತುಹಾಕುತ್ತಾರೆ. ಎಷ್ಟು ಸೆಂಟಿಮೀಟರ್ ಬಾಗಿತೋ ಆ ಸಂಖ್ಯೆಯಿಂದ ಉದ್ದವನ್ನು ಭಾಗಿಸುತ್ತಾರೆ. 400 ಸೆಂಟಿಮೀಟರಿನ ಕಂಬ 21ರಷ್ಟು ಬಾಗಿದರೆ 19. ಗಾಳಿ ರಭಸವಾದಾಗ ಕಂಬದ ತುದಿ ಬಾಗಿ ಹಾಯಿಯ ಮೇಲ್ತುದಿ ತೆರೆದುಕೊಂಡು ಹೆಚ್ಚಿನ ಗಾಳಿಯನ್ನು ಚೆಲ್ಲಬೇಕು. ಆ ಬಾಗಿಗೆ ತಕ್ಕಂತೆಯೇ ಹಾಯಿಯನ್ನು ಕತ್ತರಿಸಿ ಹೊಲಿದಿರುತ್ತಾರೆ. ಆದ್ದರಿಂದ ಒಂದು ಕಡೆ ಅಗ್ಗಕ್ಕೆ ಸಿಕ್ಕ ಹಾಯಿಯನ್ನೂ ಇನ್ನೊಂದು ಕಡೆ ಅಗ್ಗಕ್ಕೆ ಸಿಕ್ಕ ಕಂಬವನ್ನೂ ಕೂಡಿಸಿದರೆ ಕೆಲಸವಾಗುವುದಿಲ್ಲ. ಹಾಯಿಯ ಮೇಲೆ ಯಾವ ಉದ್ದದ, ಯಾವ ಬಿಗುವಿನ ಕಂಬ ಬೇಕೆಂದು ಅಚ್ಚಾಗಿರುತ್ತದೆ. ಅದನ್ನು ಓದಿಯೇ ಕೊಳ್ಳಬೇಕು.

ಕಂಬಗಳಲ್ಲೂ ದಪ್ಪನೆಯದು, ಸಣ್ಣನೆಯದು ಎಂದು ಎರಡು ಜಾತಿ. ಒಂದರ ಬುಡದ ಕೊಳವೆ ಇನ್ನೊಂದಕ್ಕೆ ಹೋಗದು. ಬೋರ್ಡಿಗೆ ಸಿಕ್ಕಿಸುವ ಕೀಲಿನಲ್ಲೂ ಅಮೆರಿಕದ ಬಟ್ಟಲು, ಯುರೋಪಿನ ಮೊಳೆ ಎಂದು ಎರಡು ಪದ್ಧತಿ. ಬಿಡಿಬಿಡಿಯಾಗಿ ಕೊಂಡು ಮನೆಗೆ ಹೋದವನಿಗೆ ಒಂದೂ ಒಂದಕ್ಕೆ ಕೂರದು. "ಯಾರಿಂದ ಕೊಂಡರೂ ಅಲ್ಲೇ, ಅವರೆದುರೇ ಪೂರ್ತಿ ಜೋಡಿಸಿ ನೋಡಿ" ಅಂದರು. ಕಂಬದ ಎರಡು ತುಂಡು ಕೂಡುವಲ್ಲಿ ಮರಳು ಕಚ್ಚಿದೆಯೇ, ಬೂಮ್ ಬಿಗಿಯುವಲ್ಲಿ ಜಜ್ಜಿದೆಯೇ ಎಂದು ಬೆರಳಾಡಿಸಿ ತಿಳಿಯಬೇಕು. ಬೂಮ್ ಅಂದರೆ ಕೈಯಲ್ಲಿ ಹಿಡಿಯುವ, ಹಾಯಿಯ ಎರಡೂ ಬದಿ ಬಳಸಿದ ಬಿಲ್ಲು. ಅದು ಅಲ್ಯೂಮಿನಿಯಮ್ಮಿನದಾದರೆ ಉಪ್ಪುನೀರಿನಲ್ಲಿ ತುಕ್ಕು ತಿಂದು ಉದ್ದ ಮಾಡುವ ಕೊಳವೆ ಕಚ್ಚಿಕೊಳ್ಳುತ್ತದೆ. ಇಲ್ಲಿ ನದಿಯ ಸಿಹಿನೀರು. ಕಡಲತೀರದವಕ್ಕಿಂತ ಇಲ್ಲಿಯ ಬೂಮ್‌ಗಳು ಹೆಚ್ಚು ಕಾಲ ಬಾಳುತ್ತವೆ. ಅಳಿಯ ಕೊಳವೆಗಳನ್ನು ಎಳೆದು ನೋಡಿದ. ಸಲೀಸಾಗಿ ಜಾರಿದವು.

ಒಂದೇ ಒಂದು ವಸ್ತುವನ್ನು ಅವರು ಮಾರಲಿಲ್ಲ. ಕಂಬವನ್ನು ಬೋರ್ಡಿಗೆ ಸೇರಿಸುವ, ಅಂಗೈಯಲ್ಲಿ ಹಿಡಿಯುವಷ್ಟು ರಬ್ಬರಿನ ಕೀಲು. ಹಳೆಯದೊಂದನ್ನು ನನ್ನ ಕೈಗಿಟ್ಟು ಬಾಗಿಸಿ ತೋರಿಸಿದರು. ನೇರ ನಿಂತಾಗ ಕಾಣದ ಸೂಕ್ಷ್ಮ ಬಿರುಕುಗಳು ಬಾಗಿದಾಗ ಬಾಯಿಬಿಟ್ಟವು. "ಇದನ್ನು ಹೊಸದೇ ಕೊಳ್ಳಿ. ನದಿಯ ನಡುವೆ ಇದು ಹರಿದರೆ ಹಾಯಿ ಒಂದು ಕಡೆ, ನೀವು ಒಂದು ಕಡೆ."

ಇಡೀ ಆಟ ಹುಟ್ಟಿದ್ದೇ ಆ ಕೀಲಿನಲ್ಲಿ. ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ 1964ರಲ್ಲಿ ಎಲ್ಲ ದಿಕ್ಕಿಗೂ ಬಾಗುವ ಹಾಯಿಯ ಹಲಗೆ ಮಾಡಿ, ಮರುವರ್ಷ ಪತ್ರಿಕೆಯೊಂದರಲ್ಲಿ ಅದರ ನಕ್ಷೆ ಪ್ರಕಟಿಸಿದರು. ಇಂಗ್ಲೆಂಡಿನ ಪೀಟರ್ ಚಿಲ್ವರ್ಸ್ 1958ರಲ್ಲಿ, ಹುಡುಗನಾಗಿದ್ದಾಗಲೇ, ಅಂಥದ್ದೊಂದನ್ನು ಕಟ್ಟಿದ್ದರು. ಕ್ಯಾಲಿಫೋರ್ನಿಯಾದ ವಿಮಾನ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಹಾಯಲ್ ಶ್ವೈಟ್ಜರ್ 1970ರಲ್ಲಿ ಪಡೆದ ಪೇಟೆಂಟಿನಿಂದ ಅದು ಜಗತ್ತಿಗೆಲ್ಲ ಹಬ್ಬಿತು. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಬಂತು. ದೋಣಿಗೆ ಚುಕ್ಕಾಣಿ ಬೇಕು. ಇದಕ್ಕೆ ಬೇಡ. ಕಂಬವನ್ನು ಮುಂದಕ್ಕೆ ಬಾಗಿಸಿದರೆ ಮೂತಿ ಗಾಳಿಯಿಂದ ದೂರ ಸರಿಯುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆ ತಿರುಗುತ್ತದೆ. ಹಗ್ಗವೂ ರಾಟೆಯೂ ಮಾಡುತ್ತಿದ್ದ ಕೆಲಸ ಮನುಷ್ಯನ ಮೈಗೆ ಬಂತು. ಸಾವಿರಾರು ವರ್ಷಗಳಿಂದ ದೋಣಿಗೆ ಗಟ್ಟಿಯಾಗಿ ನೆಟ್ಟಿದ್ದ ಕಂಬವನ್ನು ಸಡಿಲಬಿಟ್ಟರೆ ಹೇಗೆ ಎಂದು ಕೇಳಿದ ಧೈರ್ಯಕ್ಕೆ ಆ ರಬ್ಬರಿನ ತುಂಡು ಹಿಡಿದೇ ನಾನು ಮನಸಾರೆ ಕೈಮುಗಿದೆ.

ಹುಲ್ಲಿನ ಮೇಲೆ ಎಲ್ಲವನ್ನೂ ಜೋಡಿಸಿದರು. 5.0 ಅಳತೆಯ ಹಾಯಿ. ಅದರ ಮುಂದಿನ ಅಂಚು 424 ಸೆಂಟಿಮೀಟರ್ ಎಂದು ಅಚ್ಚಾಗಿತ್ತು. 400ರ ಕಂಬ, ಬುಡದ ಕೊಳವೆಯಲ್ಲಿ 24. ಕೆಳಗಿನ ಹಗ್ಗವನ್ನು ಎಳೆಯುತ್ತಿದ್ದ ಹಾಗೆ ನೆಲದಲ್ಲಿ ಮುದುಡಿ ಬಿದ್ದಿದ್ದ ಹಾಳೆ ಉಸಿರು ತುಂಬಿಕೊಂಡು ರೆಕ್ಕೆಯ ಆಕಾರಕ್ಕೆ ಬಂತು. ಚಪ್ಪಟೆ ಬಟ್ಟೆ ಎಲ್ಲಿಯೂ ಉಳಿಯಲಿಲ್ಲ. ವಿಮಾನದ ರೆಕ್ಕೆಯನ್ನು ಮೇಲೆತ್ತುವ ಅದೇ ಬಾಗು. ಹಾಯಿಯ ಚೀಲದ ಮೇಲೆ ಮಾರ್ಕರಿನಲ್ಲಿ ಬರೆದ ಟಿಪ್ಪಣಿಗಳಿದ್ದವು, ಒಂದಲ್ಲ, ಮೂರು ಬೇರೆ ಬೇರೆ ಕೈಬರಹ. ಒಬ್ಬರು ಹೆಚ್ಚು ಗಾಳಿಗೆ ಕೊಳವೆ 26 ಎಂದು ಬರೆದಿದ್ದರು. ಇನ್ನೊಬ್ಬರು ಬೂಮ್ 170 ಎಂದೂ, ಮಗುವಿಗಾದರೆ ಇನ್ನೂ ಕೆಳಗೆ ಕಟ್ಟಬೇಕೆಂದೂ ಬರೆದಿದ್ದರು. ಕಂಪನಿಯ ಅಚ್ಚಿನ ಅಂಕಿಯನ್ನು ನದಿಯ ಮೇಲಿನ ಅನುಭವ ತಿದ್ದಿದ ಬಗೆ ಅದು. ಹೊಸ ಹಾಯಿ ಎಷ್ಟು ದುಡ್ಡು ಕೊಟ್ಟರೂ ಈ ಮೂರು ಜನರ ತಿಳಿವಳಿಕೆಯನ್ನು ಜೊತೆಗೆ ತರುತ್ತಿರಲಿಲ್ಲ.

"ನೀವೂ ಹಿಡಿದು ನೋಡಿ" ಎಂದು ಹಾಯಿಯನ್ನು ನನ್ನ ಕೈಗೆ ಕೊಟ್ಟರು. ಅಂಚನ್ನು ಗಾಳಿಗೆ ನೇರ ಹಿಡಿದಾಗ ಅದು ಸುಮ್ಮನೆ ಪಟಪಟಿಸಿತು, ಭಾರವೇ ಇಲ್ಲ. ಹಿಂದಿನ ಕೈಯನ್ನು ಒಂದಿಷ್ಟೇ ಒಳಕ್ಕೆ ಎಳೆದೆ. ಸದ್ದು ನಿಂತಿತು. ನದಿಯ ಕಡೆಯಿಂದ ಯಾರೋ ಬಲವಾಗಿ, ಆದರೆ ಮರ್ಯಾದೆಯಿಂದ, ನನ್ನ ತೋಳನ್ನು ಎಳೆದರು. ಕೈ ಸಡಿಲಿಸಿದೆ, ಬಿಟ್ಟರು. ಮತ್ತೆ ಎಳೆದೆ, ಮತ್ತೆ ಬಂದರು. ಆಷಾಢದ ಗಾಳಿ ಛತ್ರಿ ಮಗುಚುವುದನ್ನು, ಹೆಂಚು ಹಾರಿಸುವುದನ್ನು ಬಾಲ್ಯದಿಂದ ಕಂಡವನು ನಾನು. ಅದರೊಡನೆ ಕೈಯಳತೆಯಲ್ಲಿ ಮಾತಾಡಬಹುದೆಂದು ಆ ಹುಲ್ಲಿನ ಮೇಲೆ ನಿಂತಾಗಲೇ ತಿಳಿದದ್ದು.

ಬೆಲೆಯ ಮಾತು ಬೇಗ ಮುಗಿಯಿತು. ಹೊಸ ಬೋರ್ಡಿನ ಬೆಲೆಯ ಸಣ್ಣ ಪಾಲಿಗೆ ಬೋರ್ಡ್, ಹಾಯಿ, ಕಂಬ, ಬೂಮ್ ಎಲ್ಲ ಬಂದವು. ಕೀಲನ್ನೂ ಹಾಯಿ ಎತ್ತುವ ಹಗ್ಗವನ್ನೂ ಊರಿನಲ್ಲಿ ಹೊಸದಾಗಿ ಕೊಂಡೆವು.

ಮರುದಿನ ಬೆಳಿಗ್ಗೆಯೇ ಹುಕ್ ಎಂಬ ಜಾಗಕ್ಕೆ ಹೋದೆವು. ಕಲ್ಲಿನ ಒಡ್ಡೊಂದು ಕೊಕ್ಕೆಯಾಗಿ ಬಾಗಿ ನದಿಯ ಒಂದು ತುಂಡನ್ನು ಒಳಗಿಟ್ಟುಕೊಂಡಿದೆ. ಒಡ್ಡಿನಾಚೆ ಅಲೆ, ಈಚೆ ತಿಳಿನೀರು. ಕಲಿಯುವವರ ಜಾಗ ಅದು. ಕಲಿಯುವವರ ಹೊತ್ತು ಬೆಳಗಿನದು. ಬಿಸಿಲೇರಿ ಪೂರ್ವದ ನೆಲ ಕಾದಂತೆ ಗಾಳಿಯೂ ಏರುತ್ತದೆ. ಅಳಿಯ ಬೋರ್ಡಿನ ನಡುವೆ ನಿಂತು ಹಗ್ಗ ಹಿಡಿದು ಹಾಯಿ ಎತ್ತತೊಡಗಿದ. ನೀರು ಹೊತ್ತ ಹಾಯಿ ಮೊದಲು ಅಲುಗದು. ಮೈಭಾರ ಹಿಂದಕ್ಕೆ ಕೊಟ್ಟು ಕಾದರೆ ನೀರು ಅಂಚಿನಿಂದ ಸುರಿದುಹೋಗಿ ಒಮ್ಮೆಗೇ ಹಗುರಾಗಿ ಮೇಲೇಳುತ್ತದೆ. ಕಂಬ ಹಿಡಿದ, ಬೂಮ್ ಹಿಡಿದ, ಹಿಂದಿನ ಕೈ ಎಳೆದ. ಬೋರ್ಡ್ ಹೊರಟಿತು. ಬಿದ್ದ, ಎದ್ದ, ಮತ್ತೆ ಹೊರಟ. ಆ 94 ಕಿಲೋದ ಕ್ಷಮೆ ಅವನ ಕಾಲಡಿ ಕೆಲಸ ಮಾಡುತ್ತಿರುವುದು ದಡದಲ್ಲಿ ನಿಂತ ನನಗೇ ಕಾಣುತ್ತಿತ್ತು. ಒಡ್ಡಿನವರೆಗೆ ಹೋಗಿ, ಕಂಬವನ್ನು ಹಿಂದಕ್ಕೆ ಬಾಗಿಸಿ, ಬೋರ್ಡಿನ ಮೂತಿಯನ್ನು ಗಾಳಿಯತ್ತ ತಿರುಗಿಸಿ, ಕಂಬದ ಆಚೆ ಬದಿಗೆ ಹೆಜ್ಜೆ ಹಾಕಿ, ಹೋದ ದಾರಿಯಲ್ಲೇ ಹಿಂದೆ ಬಂದ. ಚುಕ್ಕಾಣಿ ಇಲ್ಲ, ಎಂಜಿನ್ ಇಲ್ಲ. "ಮಾವ, ತಿರುಗಿತು!" ಎಂದು ಕೂಗಿದ.

ಈ ಪಯಣದಲ್ಲಿ ನನಗೆ ಗಟ್ಟಿಯಾದ ಮಾತೊಂದಿದೆ. ಹಳೇ ಸಾಮಾನನ್ನು ಸರಿಯಾಗಿ ನೋಡಲು ಕಲಿತವನು ಆಟದ ಅರ್ಧವನ್ನು ದಡದಲ್ಲೇ ಕಲಿತಿರುತ್ತಾನೆ. ಬೋರ್ಡಿನ ಲೀಟರುಗಳಲ್ಲಿ ತೇಲುವ ನಿಯಮವಿದೆ. ಕಂಬದ ಅಂಕಿಯಲ್ಲಿ ಗಾಳಿ ಚೆಲ್ಲುವ ನಿಯಮವಿದೆ. ಕೀಲಿನಲ್ಲಿ ತಿರುಗುವ ನಿಯಮವಿದೆ. ಹೊಸದು ಇದನ್ನೆಲ್ಲ ಹೊಳಪಿನಡಿ ಮುಚ್ಚಿಟ್ಟುಕೊಂಡಿರುತ್ತದೆ. ಹಳೆಯದು ಸವೆದಿರುವುದರಿಂದಲೇ ಬಲ ಎಲ್ಲೆಲ್ಲಿ ಹಾಯುತ್ತದೆಂದು ತೋರಿಸುತ್ತದೆ. ನದಿಗೋ ಕಡಲಿಗೋ ಹಾಯಿ ಹಿಡಿದು ಇಳಿಯಬೇಕೆನ್ನುವವರು ಯಾವ ಊರಿನವರೇ ಆಗಲಿ, ಮೊದಲು ಗಾಳಿಯಲ್ಲಿ ಬಾಳಿದವರ ಗ್ಯಾರೇಜಿಗೆ ಹೋಗಿ. ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು ಬಿಸಿಲು ಇದಕ್ಕೇನು ಮಾಡಿದೆ, ನೀರು ಏನು ಮಾಡಿದೆ, ಗಾಳಿ ಏನು ಮಾಡಿದೆ ಎಂದು ಕೇಳಿ. ಆಮೇಲೆ ದುಡ್ಡು ಕೊಡಿ. ನಿಮ್ಮ ತೂಕ ಕೇಳದೆ ಬೋರ್ಡ್ ಮಾರಲು ಬಂದವರಿಂದ ಏನನ್ನೂ ಕೊಳ್ಳಬೇಡಿ. "ಇದು ನಿಮಗಲ್ಲ" ಎಂದವರನ್ನು ಮಾತ್ರ ಬಿಡಬೇಡಿ, ನಿಮ್ಮ ಮೊದಲ ಗುರು ಅವರೇ.